ಒಂಬತ್ತನೆಯವನ ಕಿವಿ

ಭಾನುವಾರ, ಹತ್ತನೇ ತಾರೀಖು

ಪ್ರೀತಿಯ ಪುಟ್ಟಕ್ಕನಿಗೆ ಅಪ್ಪನ ಆಶೀರ್ವಾದಗಳು.

ನೀನು ಆಸ್ಪತ್ರೆಯ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ನನ್ನ ಕಡೆಯಿಂದ ಒಂದು ಮಾತಿಲ್ಲ ಎಂದು ನಿಮ್ಮಮ್ಮನ ಹತ್ತಿರ ಬೇಸರ ಮಾಡಿಕೊಂಡೆಯಂತೆ. ನಿನ್ನ ಬೇಸರ ನ್ಯಾಯವೇ. ಈ ಕಾಗದವನ್ನು ಹೋದ ವಾರದಿಂದ ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ, ಕಾರಣ ಕೆಳಗಿದೆ. ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳ ನಡುವೆ ನಿಂತು ಓದಬೇಡ. ರೂಮಿಗೆ ಹೋಗಿ ಕೂತು ಓದು.

ಮನೆಯಲ್ಲಿ ಎಲ್ಲ ಕ್ಷೇಮ. ನಿಮ್ಮಮ್ಮನ ಮೊಣಕಾಲು ಪರವಾಗಿಲ್ಲ. ಹೊಲಿಗೆ ಮೆಷಿನ್ ಇಡಲು ಜಾಗ ಬೇಕೆಂದು ನಿನ್ನ ರೂಮಿನ ಮೇಜನ್ನು ಹಾಲಿಗೆ ಎಳೆದು ತಂದೆವು. ಡ್ರಾಯರಿನಲ್ಲಿದ್ದ ಪುಸ್ತಕ, ಕಾಗದಗಳನ್ನು ಪೆಟ್ಟಿಗೆಗೆ ತುಂಬಿಟ್ಟಿದ್ದೇನೆ. ಬಚ್ಚಲಿನ ನಲ್ಲಿ ಇನ್ನೂ ಸೋರುತ್ತಿದೆ. ಊರಿನ ಮೆಷಿನ್‌ಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ನಲ್ಲಿ ನೋಡಿ ಎಂದು ನಿಮ್ಮಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ.

ನಮ್ಮ ರೇಡಿಯೋ ನಿನಗೆ ಗೊತ್ತಲ್ಲ. ನಮ್ಮ ಮೊಳೆ ಕಾರ್ಖಾನೆಯ ಪಾಲಿಷ್ ಡ್ರಮ್ಮಿನವನು, ಬಾಯಿ ಮುಚ್ಚದ್ದಕ್ಕೆ ಆ ಹೆಸರು ಬಿದ್ದವನು. ನನ್ನದು ಬೆಳಗಿನ ಪಾಳಿ ಇದ್ದ ವಾರಗಳಲ್ಲಿ ನಿನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು. ಮೊಳೆಗಳನ್ನು ಮರದ ಹೊಟ್ಟಿನ ಜೊತೆ ಡ್ರಮ್ಮಿಗೆ ಹಾಕಿ ಉರುಳಿಸುತ್ತ ಅವನು ಇಪ್ಪತ್ತಾರು ವರ್ಷ ಕಳೆದಿದ್ದಾನೆ. ಈಗ ಅವನ ಕಿವಿ ಬಹುಪಾಲು ಹೋಗಿದೆ. ಕಿವಿ ಹೋದದ್ದು ಕಾರ್ಖಾನೆಯ ಸದ್ದಿನಿಂದ, ಪರಿಹಾರ ಕೊಡಿಸಿ ಎಂದು ಅವನು ಅರ್ಜಿ ಹಾಕಿದ್ದ. ಹೋದ ತಿಂಗಳು ಅದು ವಜಾ ಆಯಿತು. ವಜಾ ಆಗಲು ಕಾರಣ ನೀನು ನಮ್ಮ ಕಿವಿ ಪರೀಕ್ಷಿಸಿ ಬರೆದ ಕಾಲೇಜಿನ ಪ್ರಾಜೆಕ್ಟ್.

ಅನುಮತಿ ಕೊಟ್ಟಿದ್ದಕ್ಕೆ ಕೃತಜ್ಞತೆಯೆಂದು ನೀನು ವರದಿಯ ಒಂದು ಪ್ರತಿಯನ್ನು ಮ್ಯಾನೇಜರಿಗೆ ಕೊಟ್ಟೆ. ಅವರು ಐವತ್ತೆರಡನೇ ಪುಟದ ನಕಲು ಮಾಡಿಸಿ ನೋಟಿಸ್ ಬೋರ್ಡಿಗೆ ಹಚ್ಚಿದರು. ಇಪ್ಪತ್ತೆರಡು ಜನರ ಕಿವಿ ಪರೀಕ್ಷಿಸಿದ್ದು, ಇಪ್ಪತ್ತು ವರ್ಷ ಸರ್ವಿಸ್ ದಾಟಿದವರೆಲ್ಲರ ಶ್ರವಣ ನಕ್ಷೆಯ ಗೀಟು ಬಲಗಡೆ ಹಳ್ಳಕ್ಕೆ ಬಿದ್ದಿರುವುದು, ಕ್ರಮಸಂಖ್ಯೆ ಒಂಬತ್ತರ ಗೀಟು ಮಾತ್ರ ನೆಟ್ಟಗಿರುವುದು, ಅವನು ಮೊದಲಿನಿಂದಲೂ ಕಿವಿಗೆ ಹತ್ತಿ ಇಡುತ್ತಿರುವುದು ಎಲ್ಲ ಆ ಪುಟದಲ್ಲಿದೆ. ಮರುದಿನದಿಂದ ಗೇಟಿನಲ್ಲಿ ಒಂದು ಡಬ್ಬಿ ತುಂಬ ಹತ್ತಿ ಇಟ್ಟರು. ನಾವು ಎಷ್ಟೋ ವರ್ಷದಿಂದ ಕೇಳುತ್ತಿದ್ದ ಕಿವಿಗವಸಿನ ಮಾತು ಅಲ್ಲಿಗೆ ಮುಗಿಯಿತು. ಆ ಒಂಬತ್ತನೆಯವನು ನಾನೇ ಎಂದು ತಿಳಿದ ಹುಡುಗರು ನನ್ನನ್ನು ಈಗ ಹತ್ತಿ ಸಾಹೇಬ್ರು ಎಂದು ಕರೆಯುತ್ತಾರೆ.

ರೇಡಿಯೋ ಆದೇಶದ ಕಾಗದವನ್ನು ಚಹಾದ ಅಂಗಡಿಗೆ ತಂದು ನನ್ನ ಕೈಗಿಟ್ಟ. "ಅದೇ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಫಿಟ್ಟರನ ಶ್ರವಣಶಕ್ತಿ ಸಾಮಾನ್ಯವಾಗಿದ್ದು, ಅರ್ಜಿದಾರರ ಹಾನಿಗೆ ಅವರ ಸ್ವಂತ ನಿರ್ಲಕ್ಷ್ಯವೇ ಕಾರಣ" ಎಂದು ಅದರಲ್ಲಿದೆ. ಓದಿ ಮಡಚಿ ವಾಪಸ್ ಕೊಟ್ಟೆ. ಅವನು ನಕ್ಕ. ಅವನ ನಗು ಅಂಗಡಿಗೆಲ್ಲ ಕೇಳುವಂಥದ್ದು.

"ಕಾರ್ಖಾನೆ ವಕೀಲ ನಿನ್ನ ಮಗಳು ಬರೆದಿದ್ದನ್ನ ಓದ್ತಾ ಇದ್ದ ಕಣೋ. ನಾನಂದೆ, ಸ್ವಾಮಿ, ಸ್ವಲ್ಪ ಜೋರಾಗಿ ಓದಿ, ಕೇಳಲ್ಲ ಅಂತಾನೇ ನಾನು ಇಲ್ಲಿಗೆ ಬಂದಿರೋದು. ಅದಕ್ಕೆ ವಿಚಾರಣೆ ಮಾಡೋ ಸಾಹೇಬ್ರೂ ನಕ್ಕುಬಿಟ್ರು. ನಕ್ಕಿದ್ದಷ್ಟೇ ಲಾಭ."

ಆಮೇಲೆ ಅವನು ಹೇಳಿದ್ದು ನನಗೆ ನುಂಗಲಾರದ ತುತ್ತಾಗಿದೆ. "ನಿನ್ನ ಮೇಲಾಗಲಿ, ಆ ಮಗೂ ಮೇಲಾಗಲಿ ನಂಗೆ ಸಿಟ್ಟಿಲ್ಲ. ಇದ್ದದ್ದನ್ನ ಇದ್ದ ಹಾಗೆ ಬರೆದಿದ್ದಾಳೆ. ನಿನ್ನ ಕಿವಿ ಗಟ್ಟಿ, ನಂದು ತೂತು. ಹಣೆಬರಹಕ್ಕೆ ಹತ್ತಿ ಇಡಕ್ಕಾಗತ್ತಾ?"

ಪುಟ್ಟಕ್ಕ, ನನ್ನ ಕಿವಿ ಗಟ್ಟಿಯಿಲ್ಲ. ಹನ್ನೊಂದು ವರ್ಷದಿಂದ ನನಗೆ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಮೀಸೆ ಇದ್ದವರ ಮಾತು ಅರ್ಧ ಮಾತ್ರ ಸಿಗುತ್ತದೆ. ಮ್ಯಾನೇಜರ್ ಮೀಸೆ ಬೋಳಿಸಿದ ದಿನ ಎಲ್ಲರೂ ನಕ್ಕರು, ನಾನೊಬ್ಬ ನೆಮ್ಮದಿಪಟ್ಟೆ. ಫೋನಿನಲ್ಲಿ ತುಟಿ ಇರುವುದಿಲ್ಲ. ಅದಕ್ಕೇ ನೀನು ಫೋನ್ ಮಾಡಿದಾಗಲೆಲ್ಲ ಎರಡು ಸಲ ಹ್ಞೂಂ ಅಂದು ನಿಮ್ಮಮ್ಮನಿಗೆ ಕೊಟ್ಟುಬಿಡುತ್ತಿದ್ದೆ. ಯಾವುದಕ್ಕೆ ಹ್ಞೂಂ ಅಂದೆ ಎಂದು ಇವತ್ತಿಗೂ ಗೊತ್ತಿಲ್ಲ.

ಹತ್ತಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಕಿವಿ ಉಳಿಸಿಕೊಳ್ಳಲು ನಾನು ಹತ್ತಿ ಇಟ್ಟದ್ದಲ್ಲ, ಹೋದ ಮೇಲೆ ಇಟ್ಟದ್ದು. ಕಿವಿಯಲ್ಲಿ ಹತ್ತಿ ಕಂಡರೆ, ಕರೆದಾಗ ತಿರುಗದಿದ್ದರೂ ಯಾರೂ ಕಿವುಡ ಅನ್ನುವುದಿಲ್ಲ, "ಹತ್ತಿ ತೆಗಿ ಮಾರಾಯ" ಅನ್ನುತ್ತಾರೆ. ಮೊದಲಿನಿಂದಲೂ ಇಡುತ್ತೇನೆ ಎಂದು ನಿನಗೆ ಹೇಳಿದ್ದು ಸುಳ್ಳು. ಕಿವಿ ಕೇಳದ ಫಿಟ್ಟರನನ್ನು ಮೆಷಿನ್ ಹತ್ತಿರ ಬಿಡುವುದಿಲ್ಲ, ಪ್ಯಾಕಿಂಗಿಗೆ ಹಾಕುತ್ತಾರೆ. ಪ್ಯಾಕಿಂಗಿನಲ್ಲಿ ಕೂತು ಮೊಳೆ ತೂಗುವುದು ನನಗೆ ಬೇಡವಾಗಿತ್ತು. ಕಟ್ಟರ್ ಮೊಂಡಾದದ್ದನ್ನು ನಮ್ಮ ಫಿಟ್ಟರ್ ಸದ್ದಿನಲ್ಲೇ ಹಿಡಿಯುತ್ತಾನೆ ಎಂದು ಮ್ಯಾನೇಜರ್ ಬಂದವರಿಗೆ ಹೇಳುತ್ತಾರಲ್ಲ, ನಾನು ಹಿಡಿಯುವುದು ಸದ್ದಿನಿಂದಲ್ಲ. ಮೆಷಿನ್ನಿನ ಮೈಮೇಲೆ ಅಂಗೈ ಇಡುತ್ತೇನೆ. ಮೊಂಡು ಕಟ್ಟರ್ ಅಂಗೈಗೆ ಎರಡೆರಡು ಸಲ ಗುದ್ದುತ್ತದೆ.

ಪುಸ್ತಕದಲ್ಲಿ ಹುಟ್ಟಿದ ವಿಷಯ ಬೇಡ, ನಿಮ್ಮ ಮನೆಯಲ್ಲಿ ಹುಟ್ಟಿದ್ದನ್ನು ತನ್ನಿ ಎಂದು ನಿಮ್ಮ ಕಾಲೇಜಿನ ಮೇಡಂ ಹೇಳಿದರಂತೆ. ಚಿಕ್ಕವಳಿದ್ದಾಗ ನೀನು ಊಟದ ಡಬ್ಬಿ ತಂದು ಗೇಟಿನ ಕಂಬಿ ಹಿಡಿದು ನಿಂತು, ನಾವು ಗದ್ದಲದಲ್ಲಿ ಕೈಸನ್ನೆಯಲ್ಲಿ ಮಾತಾಡುವುದನ್ನು ನೋಡುತ್ತಿದ್ದೆ. ಬೆಲ್ಟ್ ಕಳಚಿತು, ತಂತಿ ಮುಗಿಯಿತು, ಮ್ಯಾನೇಜರ್ ಬಂದ, ಎಲ್ಲ ಕಲಿತೆ. ಮನೆಯಲ್ಲಿ ನಾವಿಬ್ಬರೂ ಹಾಗೆ ಮಾತಾಡಿಕೊಂಡರೆ "ಬಾಯಿಗೇನು ಬೀಗ ಬಿದ್ದಿದೆಯಾ ಇಬ್ಬರಿಗೂ?" ಎಂದು ನಿಮ್ಮಮ್ಮ ಬೈಯುತ್ತಿದ್ದಳು. ಆ ಗೇಟಿನಿಂದಲೇ ನಿನ್ನ ಪ್ರಾಜೆಕ್ಟ್ ಹುಟ್ಟಿತು ಎಂದು ಮೊದಲ ಪುಟದಲ್ಲಿ ಬರೆದಿದ್ದೀಯ. ಅದನ್ನು ಓದಿದಾಗ ನನಗೆ ಆದ ಸಂತೋಷ ಸುಳ್ಳಲ್ಲ.

ಪರೀಕ್ಷೆಯ ದಿನ ನಾನು ಮಾಡಿದ್ದು ಇಷ್ಟು. ವಾರದ ರಜೆ, ಕಾರ್ಖಾನೆ ನಿಂತಿತ್ತು. ನೀನು ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕಾಲೇಜಿನ ಪೆಟ್ಟಿಗೆ ಬಿಚ್ಚಿಟ್ಟುಕೊಂಡಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳು ಎತ್ತಬೇಕು ಅಂದೆ. ಒಂದು ಸಲ ನೀನು ಪರೀಕ್ಷೆ ಮಾಡಿದೆ. ತಂತಿ ಸಡಿಲ ಇತ್ತು ಎಂದು ಹೇಳಿ ಮತ್ತೊಂದು ಸಲ ಮಾಡಿದೆ. ಆಗ ನನ್ನ ಎದುರಿಗೆ ಕಿಟಕಿ ಇತ್ತು. ಅದರ ಆಚೆ ತಂತಿಯ ಸುರುಳಿ ಇಡುವ ಕತ್ತಲೆ ಶೆಡ್ಡು. ಗಾಜಿನಲ್ಲಿ ನಿನ್ನ ಕೈ, ಗುಂಡಿ, ಒತ್ತಿದಾಗ ಹತ್ತುವ ಕೆಂಪು ದೀಪ ಕನ್ನಡಿಯಲ್ಲಿ ಕಂಡಂತೆ ಕಂಡವು. ದೀಪ ಹತ್ತಿದಾಗಲೆಲ್ಲ ಬೆರಳು ಎತ್ತಿದೆ. ಅನುಮಾನ ಬರಬಾರದೆಂದು ಮಧ್ಯೆ ಎರಡು ಸಲ ಬೇಕೆಂದೇ ಬಿಟ್ಟೆ. ಕೆಲಸ ಉಳಿಯಿತು ಅಂದುಕೊಂಡೆ. ನನ್ನ ಮೇಲೆ ನಾಲ್ಕು ಪುಟ ಬರೆಯುತ್ತೀ ಎಂದು ಗೊತ್ತಿರಲಿಲ್ಲ. ರೇಡಿಯೋ ಮೇಲೆ ಒಂದೇ ಸಾಲು ಬರೆದಿದ್ದೀ: "ಕ್ರಮಸಂಖ್ಯೆ ಹದಿನಾಲ್ಕು, ತೀವ್ರ ಹಾನಿ, ರಕ್ಷಣೆ ಬಳಸಿಲ್ಲ." ಅವನ ಸೈಕಲ್ಲಿನ ಮೇಲೆ ಮೂರು ವರ್ಷ ಶಾಲೆಗೆ ಹೋದ ಹುಡುಗಿ ಬರೆದ ಸಾಲು ಅದು. ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಆ ಪ್ರಾಜೆಕ್ಟಿಗೆ ಬಹುಮಾನ ಕೊಟ್ಟ ದಿನ ನೀನು ವೇದಿಕೆಯಲ್ಲಿ ಏನೋ ಹೇಳಿದೆ, ಸಭೆಯೆಲ್ಲ ನನ್ನ ಕಡೆ ತಿರುಗಿತು. ನಿಮ್ಮಮ್ಮ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ನನ್ನ ಹೊಗಳಿಕೆಗೆ ನಾನೇ ಚಪ್ಪಾಳೆ ಹೊಡೆದೆ ಎಂದು ಅವಳು ದಾರಿಯುದ್ದಕ್ಕೂ ನಕ್ಕಳು. ಮಾತು ಮುಗಿಸಿದ ಮೇಲೆ ನೀನು ನನ್ನನ್ನೇ ನೋಡಿ ಶೆಡ್ಡಿನ ಸನ್ನೆ ಮಾಡಿದೆ. ಮುಗೀತು, ಬಂದೆ. ಆವತ್ತು ನನಗೆ ತಿಳಿದದ್ದು ಅದೊಂದೇ.

ಹೋದ ಮಂಗಳವಾರ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿದೆ. ಅಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಗೀಟು ರೇಡಿಯೋದಕ್ಕಿಂತ ಕೆಳಗಿದೆ. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ. ಅವನ ಮೇಲ್ಮನವಿಯ ವಿಚಾರಣೆ ಹದಿನೆಂಟಕ್ಕಿದೆ. ಹೋಗಿ ಆಸ್ಪತ್ರೆಯ ಆ ಹಾಳೆ ಕೊಟ್ಟು, ಪರೀಕ್ಷೆಯಲ್ಲಿ ಮೋಸ ಮಾಡಿದ್ದು ನಾನೇ ಎಂದು ಹೇಳುತ್ತೇನೆ. ಹೇಳಿಕೆ ಬರೆದಿಟ್ಟಿದ್ದೇನೆ. ಮರುದಿನ ನನ್ನನ್ನು ಪ್ಯಾಕಿಂಗಿಗೆ ಹಾಕುತ್ತಾರೆ. ನಿವೃತ್ತಿಗೆ ಒಂದೂವರೆ ವರ್ಷವಿದೆ, ಮೊಳೆ ತೂಗಿಯೇ ಕಳೆಯುತ್ತೇನೆ. ನಿನಗೆ ಏನಾಗುತ್ತದೆ ಎಂದು ನನಗೆ ಖಚಿತವಿಲ್ಲ. ಐವತ್ತೆರಡನೇ ಪುಟ ಬಿದ್ದರೆ ಬಹುಮಾನ ಉಳಿಯಲಾರದು. ಆ ಪ್ರಾಜೆಕ್ಟ್ ನೋಡಿಯೇ ನಿನಗೆ ಕೆಲಸ ಕೊಟ್ಟ ಆಸ್ಪತ್ರೆಯವರು ಕರೆದು ಕೇಳಬಹುದು. ಅವರು ಬೇರೆಯವರಿಂದ ಕೇಳುವ ಮೊದಲು ನೀನೇ ಹೋಗಿ ಹೇಳು. ನಾನು ನಿನ್ನ ಅನುಮತಿ ಕೇಳುತ್ತಿಲ್ಲ. ಸುದ್ದಿ ತಿಳಿಸುತ್ತಿದ್ದೇನೆ.

ನಿಮ್ಮಮ್ಮನಿಗೆ ಗುರುವಾರ ಹೇಳಿದೆ. ಇಷ್ಟು ವರ್ಷ "ಇವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಎಂದು ನನ್ನನ್ನು ಜಂಬದವನು ಅಂದುಕೊಂಡಿದ್ದಳು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ನಾನೂ ಸುಮ್ಮನಿದ್ದೆ. ಅವಳು ಹೊಲಿಗೆ ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ಆಮೇಲೆ ನನ್ನ ಎದುರಿಗೆ ಬಂದು, ತುಟಿ ಕಾಣುವ ಹಾಗೆ, ನಿಧಾನವಾಗಿ ಕೇಳಿದಳು: "ಹಾಗಾದ್ರೆ ನಾನು ಬೈದಿದ್ದೆಲ್ಲ ದಂಡ ಆಯ್ತಾ?" ನಕ್ಕಳು ಅಂದುಕೊಂಡೆ. ಅಳುತ್ತಿದ್ದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹತ್ತಿರ ಬರುವ ಮುದುಕರಿಗೆ ಎದುರು ನಿಂತು ಮಾತಾಡು, ಬೆನ್ನು ಹಾಕಿ ಮಾತಾಡಬೇಡ. ನಿನಗೆ ಒಳ್ಳೆಯದಾಗಲಿ. ಈ ಮಾತಿನಲ್ಲಿ ಯಾವ ಕಹಿಯೂ ಇಲ್ಲ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಇದನ್ನು ಬರೆಯಬಾರದು ಎಂದೇ ಆ ಮೂರು ಕಾಗದ ಹರಿದದ್ದು. ನಿನ್ನ ಡ್ರಾಯರ್ ಖಾಲಿ ಮಾಡುವಾಗ ಕಿವಿ ಪರೀಕ್ಷೆಯ ಹಾಳೆಗಳು ಸಿಕ್ಕವು. ಇಪ್ಪತ್ತೊಂದು ಜನರಿಗೆ ಒಂದೊಂದು ಹಾಳೆ ಇದೆ. ಒಂಬತ್ತನೆಯವನಿಗೆ ಎರಡಿವೆ. ತಾರೀಖು ಒಂದೇ, ನಡುವೆ ಹದಿನೈದು ನಿಮಿಷ. ಮೊದಲನೆಯದರ ಗೀಟು ಸರ್ಕಾರಿ ಆಸ್ಪತ್ರೆಯ ಗೀಟಿನಂತೆಯೇ ಇದೆ. ಅದನ್ನು ನೀನು ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದೀಯ. ತಂತಿ ಸಡಿಲ ಇರಲಿಲ್ಲ. "ನಿನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದಳಾ?" ಎಂದು ರೇಡಿಯೋನನ್ನು ಕೇಳಿದೆ. "ಎಲ್ಲರನ್ನೂ ಹಾಗೇ ಕೂರಿಸಿದ್ದಲ್ವಾ?" ಅಂದ. ನನ್ನನ್ನೂ ಮೊದಲ ಸಲ ಹಾಗೇ ಕೂರಿಸಿದ್ದೆ. ಎರಡನೇ ಸಲ, ಇಲ್ಲಿ ಬೆಳಕು ಸಾಲದು ಅಪ್ಪ ಎಂದು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದ್ದು ನೀನು. ಬೆರಳು ಎತ್ತುವುದಕ್ಕೆ ಬೆಳಕು ಯಾಕೆ ಬೇಕು? ವೇದಿಕೆಯಿಂದ ಸನ್ನೆ ಮಾಡಿದ್ದು ಪ್ರೀತಿಯಿಂದ ಅಂದುಕೊಂಡಿದ್ದೆ. ಕೇಳುವವನಿಗೆ ಯಾರೂ ಸನ್ನೆ ಮಾಡುವುದಿಲ್ಲ.

ವಿಚಾರಣೆಗೆ ಬರೆದ ಹೇಳಿಕೆಯಲ್ಲಿ ಕುರ್ಚಿಯ ಮಾತಿಲ್ಲ. ಆ ಮೊದಲ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಬೇರೆ ನಕಲು ಮಾಡಿಸಿಲ್ಲ, ಏನು ಬೇಕಾದರೂ ಮಾಡಿಕೋ. ನನಗೆ ಒಂದೇ ತಿಳಿಯಬೇಕು. ಕುರ್ಚಿ ತಿರುಗಿಸಿದ್ದು ನನ್ನ ಕೆಲಸ ಉಳಿಯಲಿ ಎಂದೋ, ನಿನಗೊಂದು ನೆಟ್ಟಗಿನ ಗೀಟು ಬೇಕಿತ್ತೆಂದೋ? ಯಾವುದಾದರೂ ಸರಿ, ಬರೆದು ತಿಳಿಸು. ಫೋನ್ ಮಾಡಬೇಡ. ಫೋನ್ ಮಾಡಿದರೆ ನಾನು ಹ್ಞೂಂ ಅಂದುಬಿಡುತ್ತೇನೆ.