ಹದಿನಾಲ್ಕು ಹುಟ್ಟುಗಳ ದೋಣಿ

ಪೂಮಲಾ, ಸೈಮಾ ಸರೋವರದ ದಂಡೆ, ಫಿನ್ಲೆಂಡ್
ಸೋಮವಾರ, 15 ಜುಲೈ 2019

ನನ್ನ ಕಾತ್ರಿ ಮಗಳೇ,

ಹೇಗಿದ್ದೀಯ? ಲೆಬನಾನಿನ ಬಿಸಿಲಿಗೆ ಮೂಗಿನ ತುದಿ ಸುಲಿದಿದೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ, ಈಗ ವಾಸಿಯಾಯಿತೇ? ಊರವರ ಗಾಯಕ್ಕೆಲ್ಲ ಪಟ್ಟಿ ಕಟ್ಟುವ ನರ್ಸಮ್ಮನಿಗೆ ತನ್ನ ಮೂಗಿಗೆ ಮುಲಾಮು ಹಚ್ಚಿಕೊಳ್ಳಲು ಪುರುಸೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಶಾಂತಿಪಾಲನಾ ಪಡೆಯವರು ಎಷ್ಟೇ ಚೆನ್ನಾಗಿ ಊಟ ಹಾಕಲಿ, ರೈ ಹಿಟ್ಟಿನ ರೊಟ್ಟಿ ಇಲ್ಲದ್ದು ನಿನಗೆ ಊಟವೇ ಅಲ್ಲ. ಅದಕ್ಕೇ ಎರಡು ಪೊಟ್ಟಣ ಒಣರೊಟ್ಟಿ ಬೇರೆಯಾಗಿ ಕಳಿಸಿದ್ದೇನೆ. ನನ್ನ ಮಂಡಿಯ ವಿಚಾರ ಕೇಳಬೇಡ. ಎಂಟು ದಿನ ದ್ವೀಪದ ಬಂಡೆಗಳ ಮೇಲೆ ಹತ್ತಿ ಇಳಿದ ಮೇಲೂ ಅದು ನನ್ನ ಕಾಲಿನಲ್ಲೇ ಇದೆ ಎನ್ನುವುದೇ ಸಮಾಧಾನ.

ಕಳೆದ ಮೂರು ಪತ್ರಗಳಲ್ಲೂ ನೀನು ಒಂದೇ ಪ್ರಶ್ನೆ ಕೇಳಿದ್ದೀ: ಮಿಂತು ಯಾಕೆ ಮೂರೇ ಸಾಲು ಬರೆಯುತ್ತಾಳೆ, ಜೀವದ ಗೆಳತಿ ತೈಕಾಳ ಹೆಸರು ಯಾಕೆ ಎತ್ತುವುದಿಲ್ಲ ಎಂದು. ನಾನು ಹವಾಮಾನದ ಸುದ್ದಿ ಬರೆದು ಜಾರಿಕೊಂಡೆ. ನನಗೂ ಅರ್ಧವೇ ಗೊತ್ತಿತ್ತು. ಈಗ ಪೂರ್ತಿ ಗೊತ್ತಾಗಿದೆ. ಬರೆಯಬಹುದೇ ಎಂದು ನಿನ್ನ ಮಗಳನ್ನೇ ಕೇಳಿದೆ. "ನೀನೇ ಬರಿ ಅಜ್ಜಿ. ನಾನು ಬರೆದ್ರೆ ನಂಗೆ ಬೇಕಾದ್ದಷ್ಟೇ ಬರೀತೀನಿ," ಎಂದಳು. ಹದಿನಾಲ್ಕು ವರ್ಷದವಳ ಬಾಯಲ್ಲಿ ಇಂಥ ಮಾತು ಬಂದರೆ ಪೆನ್ನು ಹಿಡಿಯದೆ ಇರುವುದು ಹೇಗೆ?

ನೀನು ಹೊರಡುವ ಮೊದಲು ಅವಳ ಹೆಸರನ್ನು ಹೌಕಿಸಾರಿ ದ್ವೀಪದ ಬೇಸಿಗೆ ಶಿಬಿರಕ್ಕೆ ಕೊಟ್ಟು ಹೋಗಿದ್ದೆಯಲ್ಲ, ಅವಳು ಹೋಗುವುದಿಲ್ಲವೆಂದು ಜೂನ್ ಪೂರ್ತಿ ಹಟ ಹಿಡಿದಳು. ಅಷ್ಟರಲ್ಲಿ ಶಿಬಿರದ ಅಡುಗೆಯವಳು ಮಣಿಕಟ್ಟು ಮುರಿದುಕೊಂಡಳು. ಮೂವತ್ತು ವರ್ಷ ದಾಟುದೋಣಿ ನಡೆಸಿ, ಈಗ ಈ ಶಿಬಿರ ನಡೆಸುತ್ತಿರುವ ಕೌಕೊ ನಮ್ಮ ಜಗುಲಿಗೆ ಬಂದು ಕೂತ. "ಕೆರ್ತು, ನೀನು ಸೌಟು ಹಿಡಿದ್ರೆ ಮಕ್ಕಳು ಬದುಕ್ತಾರೆ, ನಾನು ಹಿಡಿದ್ರೆ ಗ್ಯಾರಂಟಿ ಇಲ್ಲ," ಎಂದ. ನಾನು ಒಪ್ಪಿದೆ. ಅಜ್ಜಿ ಹೊರಟ ಮೇಲೆ ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ, ಮಿಂತು ಮುಖ ಊದಿಸಿಕೊಂಡು ಜೊತೆಗೆ ಬಂದಳು. ದ್ವೀಪದ ದಕ್ಕೆಯಲ್ಲಿ ಇಳಿದರೆ, ಎದುರಿಗೆ ಚೀಲದ ಮೇಲೆ ಕೂತಿದ್ದವಳು ತೈಕಾ. ಒಂದನೇ ತರಗತಿಯಿಂದ ನಮ್ಮ ಅಡುಗೆಮನೆಯಲ್ಲಿ ಅರ್ಧ ಬೆಳೆದ ಹುಡುಗಿ. ಇವಳನ್ನು ನೋಡಿ ನೀರಿನ ಕಡೆ ತಿರುಗಿಕೊಂಡಳು. ನನಗೆ ಮಾತ್ರ ತಲೆಯಾಡಿಸಿದಳು.

ಶಿಬಿರದಲ್ಲಿ ಹದಿನಾಲ್ಕು ಜನ ಮಕ್ಕಳು. ಕೌಕೊ ಮೊದಲ ದಿನವೇ ಎಲ್ಲರ ಫೋನುಗಳನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಸಿದ, ಹಳೆಯ ಚರ್ಚ್ ದೋಣಿಯನ್ನು ನೀರಿಗೆ ಇಳಿಸಿದ. ನನ್ನ ಅಜ್ಜಿಯ ಕಾಲದಲ್ಲಿ ಇಡೀ ಹಳ್ಳಿಯೇ ಕೂತು ಭಾನುವಾರ ಚರ್ಚಿಗೆ ಹುಟ್ಟು ಹಾಕುತ್ತಿದ್ದ ಅದೇ ಉದ್ದನೆಯ ಬಗೆಯದು. ಏಳು ಹಲಗೆ, ಹಲಗೆಗೆ ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಕೊನೆಯ ದಿನ ಅದರಲ್ಲೇ ಏಳು ಕಿಲೋಮೀಟರು ದಾಟಿ, ಅಪ್ಪ ಅಮ್ಮಂದಿರು ಕಾಯುವ ಚರ್ಚಿನ ದಡ ಮುಟ್ಟಬೇಕು ಎಂದು ಅವನ ಹುಕುಂ. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರಲ್ಲ, ಹಿಂಬದಿಯ ಹಲಗೆಯಲ್ಲಿ ಕೂತ ಇಬ್ಬರ ಬೆನ್ನು ನೋಡಿಕೊಂಡೇ ಉಳಿದವರೆಲ್ಲ ಹುಟ್ಟು ಎಳೆಯುವುದು. ಆ ಇಬ್ಬರು ಒಂದೇ ಎತ್ತರದವರಿರಬೇಕು. ಸಾಲಾಗಿ ನಿಲ್ಲಿಸಿ ಅಳೆದರೆ ಮಿಂತು ಮತ್ತು ತೈಕಾ. "ಇವರಿಬ್ರೂ ಅವಳಿಜವಳಿ ಇದ್ದ ಹಾಗಿದಾರೆ," ಎಂದ ಆ ಪುಣ್ಯಾತ್ಮ. ಅವನಿಗೆ ಏನೂ ಗೊತ್ತಿರಲಿಲ್ಲ.

ದೋಣಿ ನೇರ ಹೋಗಲೇ ಇಲ್ಲ ಕಾತ್ರಿ. ಒಬ್ಬಳು ಎಳೆದರೆ ಇನ್ನೊಬ್ಬಳು ಬೇಕೆಂದೇ ತಡೆದು ಎಳೆಯುವಳು. ಉಳಿದವರ ಹುಟ್ಟುಗಳು ಒಂದಕ್ಕೊಂದು ಬಡಿದು, ದೋಣಿ ಒಂದು ಸುತ್ತು ತಿರುಗಿ ಜೊಂಡಿಗೆ ನುಗ್ಗಿತು. ಅಯಾನ್ಲೆ ಅಂತ ಒಬ್ಬ ಹುಡುಗ, ಅವನ ಅಪ್ಪ ಅಮ್ಮ ಸೊಮಾಲಿಯಾದಿಂದ ಬಂದು ಇಲ್ಲಿ ನೆಲೆಸಿದವರು, ಜೊಂಡನ್ನು ಮುಖದಿಂದ ಸರಿಸುತ್ತ, "ತಾತ, ನಮ್ಮನೇವ್ರು ಮಸೀದಿಗೆ ಹೋಗೋರು. ಆದ್ರೂ ಈ ದೋಣೀಲಿ ಚರ್ಚ್ ಮುಟ್ಬೇಕು ಅನ್ನೋ ಆತುರ ನಂಗೊಬ್ಬನಿಗೇ ಇರೋ ಹಾಗಿದೆ," ಎಂದ. ಎಲ್ಲರೂ ನಕ್ಕರು, ಹಿಂದಿನ ಹಲಗೆಯ ಇಬ್ಬರನ್ನು ಬಿಟ್ಟು.

ಮರುದಿನ ಮಿಂತು ಹೊಟ್ಟೆನೋವು ಎಂದು ನನ್ನ ಅಡುಗೆ ಡೇರೆಗೆ ಬಂದು, ದಿನಸಿ ತರುವ ದೋಣಿಯಲ್ಲಿ ತನ್ನನ್ನು ಮನೆಗೆ ಕಳಿಸು ಎಂದು ಅತ್ತಳು. ನಾನು ಕರಗಿಬಿಟ್ಟೆ, ಸುಳ್ಳು ಹೇಳುವುದಿಲ್ಲ. ಚೀಲ ಕಟ್ಟಲು ಹೇಳಿದೆ. ಆಗ ಕೌಕೊ ಒಂದೇ ಮಾತು ಹೇಳಿದ: "ಹೋಗ್ಲಿ ಬಿಡು, ಆದ್ರೆ ಯಾಕೆ ಹೋಗ್ತಿದೀನಿ ಅಂತ ಉಳಿದ ಹದಿಮೂರು ಜನಕ್ಕೆ ಅವಳೇ ಹೇಳಿ ಹೋಗ್ಲಿ. ಅವರ ದೋಣಿ ಹೊರಡೋದಿಲ್ಲವಲ್ಲ." ಮಿಂತು ಬಹಳ ಹೊತ್ತು ದಕ್ಕೆಯ ತುದಿಯಲ್ಲಿ ಚೀಲ ಇಟ್ಟುಕೊಂಡು ಕೂತಳು. ದಿನಸಿ ದೋಣಿ ಬಂತು, ಹೋಯಿತು. ಅವಳು ಚೀಲ ಎತ್ತಿಕೊಂಡು ವಾಪಸು ಬಂದಳು.

ಬುಧವಾರ ಅವರಿಬ್ಬರಿಗೂ ನನ್ನ ಬಳಿ ಪಾಳಿ ಬಿತ್ತು. ಹೊಸ ಆಲೂಗಡ್ಡೆ, ಒಂದು ಮಂಕರಿ. ನಾನು ಸಬ್ಬಸಿಗೆ ಸೋಸುತ್ತ ಬೆನ್ನು ತಿರುಗಿಸಿ ಕೂತೆ, ಕಿವಿ ಮಾತ್ರ ತಿರುಗಿಸಲಿಲ್ಲ. ಅರ್ಧ ಮಂಕರಿ ಖಾಲಿಯಾದ ಮೇಲೆ ತೈಕಾ ಕೇಳಿದಳು, "ಯಾಕೆ ತೋರಿಸ್ದೆ?"

ಆಗ ಗೊತ್ತಾಯಿತು. ಫೆಬ್ರವರಿಯಲ್ಲಿ ತೈಕಾಳ ಅಪ್ಪ ಮತ್ತೆ ಕುಡಿಯಲು ಶುರುಮಾಡಿದಾಗ, ತಾನು ಬಾಗಿಲಿಗೆ ಕುರ್ಚಿ ಒರಗಿಸಿ ಮಲಗುತ್ತೇನೆ ಎಂದು ಅವಳು ಮಿಂತುಗೆ ಮಾತ್ರ ಬರೆದಿದ್ದಳು. ಮಿಂತು ಅದನ್ನು ತರಗತಿಯ ಹುಡುಗಿಯರಿಗೆ ತೋರಿಸಿದಳು. ಹೌದು ಕಾತ್ರಿ, ನಮ್ಮ ಮಿಂತು. ಮಧ್ಯಾಹ್ನದೊಳಗೆ ಶಾಲೆಗೆಲ್ಲ ಗೊತ್ತಾಯಿತು. ಆಮೇಲೆ ಅದೇ ಹುಡುಗಿಯರು, ಇವತ್ತು ಅವಳ ಗುಟ್ಟು, ನಾಳೆ ನಮ್ಮದು ಎಂದು ಮಿಂತುವನ್ನೂ ದೂರವಿಟ್ಟರು. ವಸಂತ ಪೂರ್ತಿ ಅವಳು ಒಬ್ಬಳೇ ಕೂತು ಉಂಡಿದ್ದಾಳೆ. ಮನೆಗೆ ಬಂದು ನನಗೆ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ನಾನು ಅದನ್ನೇ ನಿನಗೆ ಬರೆಯುತ್ತಿದ್ದೆ.

"ಅವತ್ತು ಅವರು ನನ್ನ ಆಡಿಕೊಂಡು ನಗ್ತಿದ್ರು, ಅಮ್ಮ ಬಿಟ್ಟು ಹೋದ್ಲು ಅಂತ," ಎಂದಳು ಮಿಂತು. "ಬೇರೆ ಯಾರ ಮೇಲಾದ್ರೂ ನಗ್ಲಿ ಅನ್ನಿಸ್ತು. ಅಷ್ಟೇ. ಬೇರೆ ಕಾರಣ ಇಲ್ಲ."

ತೈಕಾ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ. "ನೀನು ತಪ್ಪು ಮಾಡಿದ್ದು ಎಲ್ರ ಮುಂದೆ. ಈಗ ಆಲೂಗಡ್ಡೆ ಮುಂದೆ ಒಪ್ಕೊಂಡ್ರೆ ಆಯ್ತಾ?"

ನನಗೆ ಎದ್ದು ನಡುವೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಅದು ಈ ವರ್ಷ ನಾನು ಮಾಡಿದ ಅತಿ ಕಷ್ಟದ ಕೆಲಸ ಎಂದು ತಿಳಿದುಕೋ.

ಗುರುವಾರ ಬೆಳಿಗ್ಗೆ ಎಲ್ಲರೂ ತೇಲುಜಾಕೆಟ್ಟು ಹಾಕಿ ಕೂತಿದ್ದರು, ದೋಣಿಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಮಿಂತು ತನ್ನ ಹಲಗೆಯ ಮೇಲೆ ಎದ್ದು ನಿಂತಳು. ಆ ಹದಿನಾಲ್ವರಲ್ಲಿ ಅರ್ಧ ಜನ ಅದೇ ಶಾಲೆಯವರು. "ತೈಕಾ ನನ್ನ ನಂಬಿ ಬರೆದಿದ್ದನ್ನ ನಾನು ಎಲ್ರಿಗೂ ತೋರಿಸ್ದೆ. ಅವಳು ಏನೂ ತಪ್ಪು ಮಾಡಿಲ್ಲ. ನಾನು ಮಾಡಿದ್ದು ಹೊಲಸು ಕೆಲಸ," ಎಂದಳು. ಮಾತು ಮುಗಿಯುವ ತನಕ ಕೂರಲಿಲ್ಲ. ಅಯಾನ್ಲೆ, "ಮುಗೀತಾ? ಹಾಗಾದ್ರೆ ಕೂತ್ಕೊ ಮಾರಾಯ್ತಿ, ದೋಣಿ ಅಲ್ಲಾಡ್ತಿದೆ," ಎಂದ. ತೈಕಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಆದರೆ ಆ ದಿನ ದೋಣಿ ಜೊಂಡಿಗೆ ನುಗ್ಗಲಿಲ್ಲ. ಸಂಜೆ ಸೌನಾದ ಬಿಸಿ ಆವಿಸ್ನಾನದಿಂದ ಹೊರಬಂದು ಹುಡುಗಿಯರೆಲ್ಲ ನೀರಿಗೆ ಹಾರಿದಾಗ, ಇಬ್ಬರೂ ಒಬ್ಬರ ಅಂಗೈಯ ಬೊಬ್ಬೆಗೆ ಇನ್ನೊಬ್ಬರು ಪಟ್ಟಿ ಸುತ್ತುತ್ತಿದ್ದುದನ್ನು ಕಂಡೆ. ಪಟ್ಟಿ ಕಟ್ಟುವುದರಲ್ಲಿ ಮಿಂತು ನಿನ್ನನ್ನೇ ಹೋಲುತ್ತಾಳೆ.

ಇನ್ನು ಶನಿವಾರದ ವಿಚಾರ. ಹೊರಟಾಗ ನೀರು ಕನ್ನಡಿಯಂತಿತ್ತು. ನಾನು ಪಾತ್ರೆಗಳ ಜೊತೆ ಮುಂದಿನ ಮೂತಿಯಲ್ಲಿ ಕೂತಿದ್ದೆ, ಕಾಣುತ್ತಿದ್ದುದು ಸಾಲು ಬೆನ್ನುಗಳು, ಆಚೆ ತುದಿಯಲ್ಲಿ ಚುಕ್ಕಾಣಿ ಹಿಡಿದ ಕೌಕೊ. ದ್ವೀಪಗಳು ಮುಗಿದು ಬಯಲು ನೀರಿಗೆ ಬಂದದ್ದೇ ತಡ, ಎದುರುಗಾಳಿ ಎದ್ದಿತು. ಅಲೆ ಮೂತಿಗೆ ಬಡಿದು ನನ್ನ ಮಡಿಲು ನೆನೆಯಿತು. ಅರ್ಧ ಗಂಟೆ ಎಳೆದರೂ ಎದುರಿನ ಕಲ್ಲುಬಂಡೆ ಇದ್ದಲ್ಲೇ ಇತ್ತು. ಒಬ್ಬೊಬ್ಬರ ಹುಟ್ಟು ತಪ್ಪತೊಡಗಿತು. ಒಬ್ಬ ಹುಡುಗ ಅಳುತ್ತಿದ್ದ, ಎಳೆಯುತ್ತಲೂ ಇದ್ದ. ಹಿಂದೆ ಕಾವಲಿಗೆ ಮೋಟಾರು ದೋಣಿ ಬರುತ್ತಿತ್ತು; ಹಗ್ಗ ಕಟ್ಟಿ ಎಳೆಯಲಿ ಎಂದು ಕೌಕೊ ಅದನ್ನು ಕರೆಯಲು ಕೈ ಎತ್ತಿದ.

"ಕೈ ಇಳಿಸು ತಾತ," ಎಂದಳು ತೈಕಾ. "ನಾವು ಕೇಳಿದಾಗ ಕರಿ."

ಕೌಕೊ ಕೈ ಇಳಿಸಿದ. ಆಗ ಮಿಂತು ಕೂಗತೊಡಗಿದಳು, "ಎಳಿ... ಬಿಡು. ಎಳಿ... ಬಿಡು." ಐದು ತಿಂಗಳಿಂದ ಮನೆಯಲ್ಲಿ ಉಪ್ಪು ಕೊಡು ಎನ್ನುವುದನ್ನೂ ಪಿಸುಗುಟ್ಟುತ್ತಿದ್ದ ಹುಡುಗಿ, ಗಾಳಿಯನ್ನು ಮೀರಿಸಿ ಕೂಗುತ್ತಿದ್ದಳು. ಅವಳ ಉಸಿರು ಸೋತಾಗ ತೈಕಾ, ತೈಕಾ ಸೋತಾಗ ಇವಳು. ಎರಡು ಬೆನ್ನು ಒಟ್ಟಿಗೆ ಬಾಗಿದವು, ಒಟ್ಟಿಗೆ ಎದ್ದವು. ಅದು ಹಲಗೆಯಿಂದ ಹಲಗೆಗೆ ದಾಟುತ್ತ ನನ್ನ ತನಕ ಬಂತು. ಹದಿನಾಲ್ಕು ಹುಟ್ಟುಗಳು ಒಂದೇ ಸದ್ದಿನಲ್ಲಿ ನೀರಿಗೆ ಬಿದ್ದಾಗ ದೋಣಿ ನನ್ನ ಕೆಳಗೆ ಮುಂದಕ್ಕೆ ಚಿಮ್ಮಿತು. ಕಲ್ಲುಬಂಡೆ ಪಕ್ಕಕ್ಕೆ ಬಂತು, ಹಿಂದೆ ಬಿತ್ತು. ಎಪ್ಪತ್ತೊಂದು ವರ್ಷ ಈ ನೀರಿನ ಮೇಲೆ ಓಡಾಡಿದ್ದೇನೆ, ಇಂಥದ್ದೊಂದು ಓಟ ಕಂಡಿರಲಿಲ್ಲ. ಮೋಟಾರು ದೋಣಿ ಬೇಕೇ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಚರ್ಚಿನ ದಡದಲ್ಲಿ ನಿಂತ ಜನಕ್ಕೆ ಮೊದಲು, ಬರುತ್ತಿರುವುದು ತಮ್ಮ ಮಕ್ಕಳೇ ಎಂದು ನಂಬಿಕೆ ಹುಟ್ಟಿರಲಿಲ್ಲವಂತೆ. ಆಮೇಲೆ ಚಪ್ಪಾಳೆ ಶುರುವಾಯಿತು, ಚರ್ಚಿನ ಗಂಟೆಯನ್ನೂ ಯಾರೋ ಬಾರಿಸಿದರು. ಮಕ್ಕಳು ಅಪ್ಪ ಅಮ್ಮಂದಿರ ಕಡೆ ಓಡಲಿಲ್ಲ. ಹದಿನಾಲ್ವರೂ ಮೊದಲು ಮೊಣಕಾಲುದ್ದ ನೀರಿಗಿಳಿದು, ದೋಣಿಯನ್ನು ಎತ್ತಿ ಮರಳಿನ ಮೇಲೆ ತಂದಿಟ್ಟರು, ಆಮೇಲೆ ಹೋದರು. ತೈಕಾಳ ಅಪ್ಪ ಬರುತ್ತೇನೆಂದಿದ್ದ, ಬಂದಿರಲಿಲ್ಲ; ಅಮ್ಮ ಒಬ್ಬಳೇ ಬಂದಿದ್ದಳು. ಅವಳು ಜನರ ನಡುವೆ ಅವನನ್ನು ಹುಡುಕುವುದನ್ನು ಮಿಂತು ನೋಡಿದಳು, ಅವಳ ಚೀಲವನ್ನು ತನ್ನ ಹೆಗಲಿಗೆ ಏರಿಸಿಕೊಂಡಳು. ಬಟಾಣಿ ಸಾರನ್ನು ಎಲ್ಲರೂ ಮೂರು ಮೂರು ಬಟ್ಟಲು ಕುಡಿದರು; ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ. ಅಮ್ಮ ಬಿಟ್ಟು ಹೋದಳು ಎಂದು ಆಡಿಕೊಂಡಿದ್ದ ಹುಡುಗಿಯೊಬ್ಬಳು ಬಂದು, ನಿನ್ನ ಅಮ್ಮನ ಕೆಲಸ ಏನು ಎಂದು ಕೇಳಿದಳು. ಮಿಂತು ಅರ್ಧ ಗಂಟೆ ಹೇಳಿದಳು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಳೇ. ನೀನು ಅಲ್ಲಿ ನಿನ್ನ ಕೆಲಸ ತಲೆಯೆತ್ತಿ ಮಾಡು. ಇಲ್ಲಿ ನಿನ್ನ ಮಗಳು ತಲೆಯೆತ್ತಿದ್ದಾಳೆ.

ನಿನ್ನ ಅಮ್ಮ,
ಕೆರ್ತು

ಮರೆತೆ. ಅಂಚೆಯ ವ್ಯಾನು ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ತೈಕಾಳ ಅಮ್ಮನಿಗೆ ದೂರದ ಕುಓಪಿಯೊ ನಗರದಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ. ತೈಕಾ ಒಂಬತ್ತನೇ ತರಗತಿಯನ್ನು ಇಲ್ಲೇ ಮುಗಿಸಬೇಕು ಎನ್ನುತ್ತಾಳೆ. ಅಪ್ಪನ ಜೊತೆ ಬಿಡುವ ಹಾಗಿಲ್ಲ. ಅವಳಮ್ಮನೂ ನಾವೂ ದಡದಲ್ಲೇ ಮಾತಾಡಿಕೊಂಡೆವು, ವರ್ಷ ಪೂರ್ತಿ ನಮ್ಮ ಮನೆಯಲ್ಲಿ, ನಿನ್ನ ಕೋಣೆಯಲ್ಲಿ ಇರಲಿ ಎಂದು. ಕೇಳಿದ್ದು ನಾನಲ್ಲ, ಮಿಂತು. ನಿನ್ನ ಒಪ್ಪಿಗೆ ಬೇಕು. ಬೇಡವೆನ್ನುವುದಾದರೆ ಕೂಡಲೇ ಬರೆ. ಆದರೆ ಇಬ್ಬರೂ ಸೇರಿ ಮೂರು ಗೋಡೆಗೆ ಹಳದಿ ಬಣ್ಣ ಹೊಡೆದಾಯಿತು, ನಾಲ್ಕನೆಯದು ಈಗ ನಡೆಯುತ್ತಿದೆ.