ನೀಲಿ ಹೂವಿನ ಬಟ್ಟಲು

ತಂಗಿ ಫಿಬ್ಬಾ,

ಗುಲಾಮಗಿರಿಯಿಂದ ನನ್ನನ್ನು ನಾನೇ ಕೊಂಡುಕೊಂಡ ಮೇಲೆ, ಧಣಿಯ ಭತ್ತದ ಗದ್ದೆಯಿಂದ ನಿನ್ನನ್ನೂ ಕೊಂಡು ತರಲು ದುಡ್ಡು ಕೂಡಿಸುತ್ತಿದ್ದೆನಲ್ಲ. ಅದಕ್ಕೇ ಆ ನೀಲಿ ಹೂವಿನ ಪಿಂಗಾಣಿ ಬಟ್ಟಲನ್ನು ನೀನು ಎರಡು ಸಲ ಕೇಳಿದರೂ ಕೊಟ್ಟಿರಲಿಲ್ಲ. ನನ್ನ ಸಂತೆಯಂಗಡಿಯಲ್ಲಿ ಒಳ್ಳೆಯ ಬೆಲೆ ಬರುವ ಸಾಮಾನು. ಭಾನುವಾರ ಅದನ್ನು ನಿನ್ನ ಗೋರಿಯ ಮೇಲಿಟ್ಟೆ.

"ಒಡೆದು ಇಡೇ," ಎಂದಳು ಬೈನಾ ದೊಡ್ಡಮ್ಮ. "ಇಡಿಯಾಗಿಟ್ರೆ ಸಾವು ಮನೆಯವರನ್ನೆಲ್ಲ ಹುಡುಕ್ಕೊಂಡು ಬರುತ್ತೆ."

ಮೆಲ್ಲಗೆ ಕುಟ್ಟಿದೆ. ಒಡೆಯಲಿಲ್ಲ.

"ಅದೇನು, ಗಿರಾಕಿಗೆ ಬಾರಿಸಿ ತೋರಿಸ್ತಿದ್ದೀಯಾ?" ಎಂದಳು ದೊಡ್ಡಮ್ಮ.

ಎರಡನೇ ಪೆಟ್ಟಿಗೆ ಒಡೆಯಿತು.

ಇವತ್ತು ಚಾರ್ಲ್ಸ್‌ಟೌನ್ ಸಂತೆಯಲ್ಲಿ ಅದರ ತಟ್ಟೆಯನ್ನು ಮಾರಲಿಟ್ಟಿದ್ದೆ. ಗಿರಾಕಿಯೊಬ್ಬಳು ಎತ್ತಿ ನೋಡಿ, "ಇದರ ಜೋಡಿ ಬಟ್ಟಲೆಲ್ಲಿ?" ಎಂದಳು.

"ನನ್ನ ತಂಗಿ ಹತ್ರ ಇದೆ."

"ಅವಳು ಮಾರ್ತಾಳಾ?"

"ಇಲ್ಲ ಅಮ್ಮಾವ್ರೇ," ಎಂದೆ. "ಅವಳಿಗದು ಬೇಕಂತೆ."