ನನ್ನ ಗಂಟಲಿಗೆ ನೀನು ಕೊಟ್ಟ ಕಾಯಿಲೆ

ಮಮ್ಮಿ,

ನೀನು ಡ್ಯೂಟಿ ಮುಗಿಸಿ ಗಲ್ಫಿನ ಅಬ್ಬಾಸಿಯಾದ ನಮ್ಮ ಫ್ಲಾಟಿಗೆ ಬಂದು, ಬಿಳಿ ಶೂ ಬಿಚ್ಚುತ್ತಾ, "ಮೆಲ್ಲ ಹಾಡು, ಪಕ್ಕದವರಿಗೆ ಕೇಳ್ತದೆ" ಎನ್ನುತ್ತಿದ್ದದ್ದು ನೆನಪಾಗುತ್ತದೆ. ನಾವು ಆಡುತ್ತಿದ್ದದ್ದು ಕೊಂಕಣಿ. ಆದರೆ ಮಂಗಳೂರಿಗೆ ನೀನು ಹಾಕುತ್ತಿದ್ದ ಕಾಗದಗಳೆಲ್ಲ ಕನ್ನಡದಲ್ಲಿ, ನನಗೆ ಅಕ್ಷರ ಕಲಿಸಿದವಳೂ ನೀನೇ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಒಂಬತ್ತನೇ ಕ್ಲಾಸಿನ ಕ್ರಿಸ್ಮಸ್ ಕಾರ್ಯಕ್ರಮ ಮುಗಿದ ಮೇಲೆ ಸಂಗೀತ ಕಲಿಸುತ್ತಿದ್ದ ಲೆಬನಾನಿನ ಸಾಮಿಯಾ ಮಿಸ್ ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದ್ದರು. ಪಕ್ಕದಲ್ಲಿ ನಿಂತಿದ್ದ ನೀನು ನಕ್ಕುಬಿಟ್ಟಿದ್ದೆ, "ದಂತವೈದ್ಯರ ಹಾಗೆ ನೋಡ್ತಾರಲ್ಲ!" ಎಂದು. ಅಂದಿನಿಂದ ಪ್ರತಿ ಶುಕ್ರವಾರ ಫಿಂಟಾಸಿನ ಅವರ ಮನೆಯಲ್ಲಿ ಪಾಠ. ಮೂರೂವರೆ ವರ್ಷ ಅವರು ನನಗೆ ಒಪೆರಾ ಕಲಿಸಿದರು. ಮೈಕ್ ಇಲ್ಲದೆ, ಅಷ್ಟೂ ವಾದ್ಯಗಳನ್ನು ದಾಟಿ, ಕೊನೆಯ ಸಾಲಿನವರಿಗೂ ಕೇಳುವಂತೆ ಒಂದು ಕಥೆಯನ್ನು ಹಾಡಿಯೇ ಆಡುವುದು. ಕೊನೆಗೆ, ತಾವು ಓದಿದ ಇಟಲಿಯ ಸಂಗೀತ ಕಾಲೇಜಿಗೆ ನನ್ನ ಹಾಡಿನ ಕ್ಯಾಸೆಟ್ ಕಳಿಸಿದರು. ಮಿಸ್ ಶಿಫಾರಸು ಪತ್ರ ಬರೆದರೆ ಸೀಟು ಕೊಡುತ್ತೇವೆ ಎಂದು ಉತ್ತರ ಬಂತು.

ಅದನ್ನು ಹೇಳಿದ ದಿನ ನೀನು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

"ನರ್ಸಿಗೆ ಯಾವ ದೇಶಕ್ಕೆ ಹೋದ್ರೂ ಅಲ್ಲಿ ಇರ್ಲಿಕ್ಕೆ ಇಕಾಮಾ ಸಿಗ್ತದೆ. ಹಾಡುವವಳಿಗೆ ವೀಸಾ ಕೊಡ್ಲಿಕ್ಕೆ ಯಾವ ಕಫೀಲ್ ಸಿಗ್ತಾನೆ ಮಾರಾಯ್ತಿ?"

"ನನಗೆ ನರ್ಸ್ ಆಗ್ಲಿಕ್ಕೆ ಇಷ್ಟ ಇಲ್ಲ ಮಮ್ಮಿ."

"ನಂಗೆ ಇಷ್ಟ ಇತ್ತು ಅಂತ ನಿಂಗೆ ಯಾರು ಹೇಳಿದ್ದು?"

ಮುಂದಿನ ಶುಕ್ರವಾರ ಫಿಂಟಾಸಿಗೆ ಹೋದರೆ ಸಾಮಿಯಾ ಮಿಸ್ ಬಾಗಿಲಲ್ಲೇ ನಿಂತರು. "ಇನ್ನು ಬರಬೇಡ ಮಗಳೇ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ" ಎಂದರು. ಶಿಫಾರಸು ಪತ್ರ ಹೋಗಲಿಲ್ಲ. ನನ್ನ ಧ್ವನಿ ಸಾಲದಾಯಿತು ಎಂದುಕೊಂಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಅಂದುಕೊಂಡಿದ್ದೆ, ಮಮ್ಮಿ.

ಮಂಗಳೂರಿನ ನರ್ಸಿಂಗ್ ಕಾಲೇಜಿನ ಮೊದಲ ವರ್ಷದ ಪರೀಕ್ಷೆಯಲ್ಲಿ ಗಂಟಲಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಕೇಳಿದ್ದರು. ಇಡೀ ಕ್ಲಾಸಿನಲ್ಲಿ ನನ್ನದೇ ಚೆಂದದ ಚಿತ್ರ. ನಿನಗೆ ಫೋನಿನಲ್ಲಿ ಹೇಳಿದ ಮೇಲೆ, ಲೈನ್ ಕಟ್ಟಾಯಿತೆಂದು ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ.

ನೀನು ಕೆಲಸ ಮಾಡಿದ ಆಸ್ಪತ್ರೆಯಲ್ಲೇ, ಓದು ಮುಗಿಸಿ ಮರಳಿ ಬಂದು ನಾನೂ ನರ್ಸಾಗಿದ್ದ ಆ ಆಸ್ಪತ್ರೆಯಲ್ಲೇ, ನೀನು ಕ್ಯಾನ್ಸರಿನಿಂದ ಮಲಗಿದ್ದ ಕೊನೆಯ ವಾರ. ಒಂದು ಮಧ್ಯಾಹ್ನ ನೀನು ನನ್ನ ಕೈ ಹಿಡಿದು, "ಒಂದು ಹಾಡು ಹೇಳು ಮಗಾ, ಮಿಸ್ ಕಲಿಸಿದ್ದು" ಎಂದೆ. "ಗಂಟಲು ಸರಿ ಇಲ್ಲ" ಎಂದೆ ನಾನು. ಬರೀ ನೆಪ. ಆದರೆ ನಿನ್ನ ಮುಖ ಬಿಳಿಚಿಕೊಂಡಿತು. "ಲವೀನಾ, ನಾನು ಆಗ..." ಎಂದು ಶುರುಮಾಡಿ ಗೋಡೆಯ ಕಡೆ ತಿರುಗಿದೆ. ನೋವು ಜಾಸ್ತಿಯಾಯಿತೆಂದು ನಾನು ಡಾಕ್ಟರನ್ನು ಕರೆದೆ. ಆ ಮಾತನ್ನು ಮುಗಿಸಲು ನಿನಗೆ ಇನ್ನೂ ನಾಲ್ಕು ದಿನ ಇತ್ತಲ್ಲ?

ಹೋದ ವರ್ಷ ಅದೇ ಆಸ್ಪತ್ರೆಯ ಕಿವಿ-ಗಂಟಲು ವಿಭಾಗದ ಓಪಿಡಿಯಲ್ಲಿ ಹೆಸರು ಕೂಗುತ್ತಿದ್ದಾಗ ಕೋಲೂರಿಕೊಂಡು ಎದ್ದು ಬಂದವರು ಸಾಮಿಯಾ ಮಿಸ್. ಮಗನ ಮನೆಗೆ ಬಂದಿದ್ದರಂತೆ, ಕಿವಿ ಕೇಳಿಸದಾಗಿತ್ತು. ಗುರುತು ಸಿಕ್ಕಿದ್ದೇ ನನ್ನ ಕತ್ತು ಮುಟ್ಟಿ, "ಆಪರೇಷನ್ ಆಯಿತಾ? ಗಂಟುಗಳು ಹೋದವಾ?" ಎಂದರು.

"ಯಾವ ಗಂಟು ಮಿಸ್?"

ಆಗ ತಿಳಿಯಿತು. ನೀನು ಡ್ಯೂಟಿಯಿಂದ ನೇರ ಅವರ ಮನೆಗೆ ಹೋಗಿದ್ದೆಯಂತೆ. ಮಗಳ ಧ್ವನಿತಂತುಗಳಲ್ಲಿ ಗಂಟು ಬಂದಿದೆ, ಇನ್ನು ಹಾಡಿದರೆ ಮಾತೂ ನಿಂತುಹೋಗುತ್ತದೆ, ಅವಳಿಗೆ ಹೇಳಬೇಡಿ ಹೆದರುತ್ತಾಳೆ ಎಂದೆಯಂತೆ. "ಯೂನಿಫಾರ್ಮಿನಲ್ಲಿ ಬಂದಿದ್ದಳು. ಅಳುತ್ತಿದ್ದಳು. ನಾನು ಹೇಗೆ ನಂಬದೇ ಇರಲಿ?" ಎಂದರು ಮಿಸ್.

ಅದು ಸುಳ್ಳು ಎಂದು ಅವರ ಕಿವಿಯ ಹತ್ತಿರ ಬಾಗಿ ಎರಡು ಸಲ ಹೇಳಬೇಕಾಯಿತು. ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಅವರು ಕುರ್ಚಿಯಲ್ಲಿ ಕುಸಿದು, "ಹಾಗಾದರೆ ನಿನ್ನನ್ನು ಬಾಗಿಲಿಂದಲೇ ನಾನು..." ಎಂದು ಅಳತೊಡಗಿದರು. ನಿನ್ನ ಸುಳ್ಳಿಗೆ ಅವರು ಯಾಕೆ ಅಳಬೇಕಿತ್ತು?

ಮೊನ್ನೆ ನಿನ್ನ ಮೊಮ್ಮಗಳು ಪ್ರೀತಿ ಮಂಗಳೂರಿನ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದಳು. ಬೇರೆ ಏನಾದರೂ ಇಷ್ಟವಾ ಎಂದು ಮೂರು ಸಲ ಕೇಳಿದೆ. "ನೋ ಮಮ್ಮಿ, ಐ ರಿಯಲಿ ವಾಂಟ್ ದಿಸ್. ಗ್ರ್ಯಾನಿ ಥರ" ಎಂದಳು. ನೀನು ಗೆದ್ದೆ ಎಂದುಕೊಳ್ಳಬೇಡ. ಇದು ಅವಳೇ ಆರಿಸಿಕೊಂಡದ್ದು; ನನಗೆ ಸಿಗದೇ ಹೋದದ್ದು ಆ ಆಯ್ಕೆಯೇ.

ಗ್ರ್ಯಾನಿ ಒಳ್ಳೆಯ ನರ್ಸಾಗಿದ್ದರಾ ಎಂದು ಕೇಳಿದಳು. ಹೌದು ಎಂದೆ, ಅದು ನಿಜ. ಉಳಿದದ್ದನ್ನೂ ಅವಳು ವಿಮಾನ ಹತ್ತುವ ಮೊದಲು ಹೇಳುತ್ತೇನೆ. ಅವಳ ಕಣ್ಣಲ್ಲಿ ನೀನು ಸಣ್ಣವಳಾಗುತ್ತೀ, ಗೊತ್ತು. ಆದರೂ ಹೇಳುತ್ತೇನೆ. ಈ ಮನೆಯಲ್ಲಿ ಇನ್ನು ಯಾರೂ ಯಾರ ಒಳ್ಳೆಯದಕ್ಕೂ ಸುಳ್ಳು ಹೇಳುವುದಿಲ್ಲ.

ನಿನ್ನ ಮಗಳು,
ಲವೀನಾ